ಎಡಕ್ಕೆ ತಿರುಗಿದ ಮುಖ

ಕಣ್ಣು ಮುಚ್ಚಿ ಕೂತ ಮಗಳ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಕೂತಿರುವುದು ದಯಾನಂದನಿಗೆ ಅಂದುಕೊಂಡಷ್ಟು ಸುಲಭವಾಗಲಿಲ್ಲ. ನರ್ಸ್ ಬಂದು ಹನಿ ಹಾಕಿ, "ಖೋಲನಾ ಮತ್, ಹಾಂ" ಎಂದು ಕಣ್ಣು ತೆರೆಯದಂತೆ ಹೇಳಿಹೋಗಿದ್ದಳು. ಪೂಜಿತಾ ತಲೆಯನ್ನು ಹಿಂದಿನ ಗೋಡೆಗೆ ಆನಿಸಿ, ಕೆನ್ನೆಗಿಳಿದ ಹನಿಯನ್ನೂ ಒರೆಸಿಕೊಳ್ಳದೆ ಕೂತಿದ್ದಳು. ಅವಳ ಮುಖ ನೇರವಾಗಿತ್ತು. ಮುಚ್ಚಿದ ಕಣ್ಣಿಗೆ ಎಡವೂ ಇಲ್ಲ ಬಲವೂ ಇಲ್ಲ, ಹಾಗಾಗಿ ಮುಖಕ್ಕೆ ತಿರುಗುವ ಕೆಲಸವೂ ಇಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಹೊಳೆದ ಕೂಡಲೇ, ತೊಟ್ಟಿಲಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ನೇರವಾಗಿರುತ್ತಿದ್ದ ಮುಖ ಎದ್ದು ಕೂತೊಡನೆ ಎಡಕ್ಕೆ ತಿರುಗುತ್ತಿದ್ದದ್ದನ್ನು ತಾನು ಎಷ್ಟು ಸಲ ನೋಡಿರಬೇಕು, ನೋಡಿಯೂ ನೋಡಿರಲಿಲ್ಲವಲ್ಲ ಎಂಬುದೂ ಹೊಳೆಯಿತು. ವಾಶಿಯ ಈ ಕಣ್ಣಾಸ್ಪತ್ರೆಯ ಹಾಲಿನಲ್ಲಿ ಕೂತವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಕಣ್ಣಿಗೆ ರಜೆ ಕೊಟ್ಟವರೇ. ಯಾರಿಗೂ ಯಾರೂ ಸರಿಯಾಗಿ ಕಾಣುತ್ತಿರಲಿಲ್ಲ. ಇಂಥ ಕಡೆ ಇನ್ನೊಬ್ಬರ ದನಿಯನ್ನು ನಕಲು ಮಾಡಿ ಯಾರಿಗೆ ತೋರಿಸುವುದು ಎಂದುಕೊಂಡರೂ, ಟೋಕನ್ ಕರೆಯುವ ಹುಡುಗಿ ಪ್ರತಿ ಹೆಸರಿನ ಕೊನೆಯಕ್ಷರವನ್ನು ಮೂಗಿಗೇರಿಸಿ ಅಲ್ಲೇ ನೇತುಹಾಕುವುದನ್ನು ಕೇಳಿ ಅವನ ತುಟಿ ತಾನಾಗಿ ಅಲ್ಲಾಡಿತು.

"ಪಪ್ಪಾ," ಪೂಜಿತಾ ಕಣ್ಣು ತೆರೆಯದೆ ಅಂದಳು, "ಮತ್ ಕರೋ."

ಬೇಡ ಎನ್ನಿಸಿಕೊಳ್ಳಲು ಅವನು ದನಿಯನ್ನು ಹೊರಗೆ ಬಿಟ್ಟಿರಲೇ ಇಲ್ಲ.

ಬೆಳಿಗ್ಗೆ ಡೊಂಬಿವಲಿಯ ಮನೆಯಿಂದ ಹೊರಡುವಾಗ ಹೆಂಡತಿ ಜಯಲತಾ ಬಾಗಿಲಲ್ಲಿ ನಿಂತು, "ನೋಡಿ, ಡಾಕ್ಟ್ರ ಎದುರು ನಿಮ್ಮ ಕಲೆಯೆಲ್ಲ ತೋರಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಅವರು ಹೇಳಿದ್ದು ಕೇಳಿ ಬನ್ನಿ, ಸಾಕು," ಎಂದಿದ್ದಳು. ಮೊಣಕಾಲಿನ ದೆಸೆಯಿಂದ ಅವಳಿಗೆ ಠಾಣೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಲಾಗುತ್ತಿರಲಿಲ್ಲ. ಅವಳೇ ಬಂದಿದ್ದರೆ ಚೆನ್ನಾಗಿತ್ತು; ಅವಳು ಪ್ರಶ್ನೆ ಕೇಳುತ್ತಾಳೆ, ತಾನು ಉತ್ತರ ಕೊಡುತ್ತೇನೆ, ಅದೇ ವ್ಯತ್ಯಾಸ ಎಂದು ಅವನಿಗೂ ಗೊತ್ತಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ಲೋಕಲ್ ಹತ್ತಿದ ಮೇಲೆ, ಐರೋಲಿ ದಾಟುವವರೆಗೂ ಹಿಡಿದಿಟ್ಟುಕೊಂಡು, ಕೊನೆಗೆ ತಡೆಯಲಾರದೆ, "ವಾಸಿಯಾಗಬೇಕಾದವರು ವಾಶಿಗೇ ಹೋಗಬೇಕು ನೋಡು" ಎಂದ. ಪೂಜಿತಾ ಫೋನಿನಿಂದ ತಲೆಯೆತ್ತದೆ, "ಯೇ ಆಪ್ ಪಿಛ್ಲೀ ಬಾರ್ ಭೀ ಬೋಲೇ ಥೇ" ಎಂದು, ಹೋದ ಸಲವೂ ಅವನು ಇದನ್ನೇ ಹೇಳಿದ್ದನ್ನು ನೆನಪಿಸಿದಳು. ಅವನು ಕೆಲಸ ಮಾಡುವ ಠಾಣೆಯ ವಿಮಾ ಕಚೇರಿಯಲ್ಲಿ ಇಂಥ ಮಾತಿಗೆ ಚಹಾ ಬರುತ್ತಿತ್ತು. ಬದಲಾಪುರದಿಂದ ಬರುವ ಸಹೋದ್ಯೋಗಿ ಕುಶಲನಿಗೆ ಅವನು 'ಬದಲಾಗದ ಬದಲಾಪುರ' ಎಂದು ಹೆಸರಿಟ್ಟದ್ದು ಮ್ಯಾನೇಜರರ ಬಾಯಿಗೂ ಹತ್ತಿತ್ತು. ಮೊದಲ ಸಲ ಡಾಕ್ಟರು ಈ ಕಾಯಿಲೆಯ ಹೆಸರು ಡ್ಯುಯೇನ್ ಎಂದಾಗಲೂ, ವಿಮೆಯವನ ತಲೆಗೆ ಮೊದಲು ಬಂದದ್ದು 'ಡ್ಯೂ ಏನು' ಎಂದೇ. ಮಗಳ ಕಣ್ಣಿನ ಬಗ್ಗೆ ಹೇಳುತ್ತಿರುವಾಗ ತನ್ನ ತಲೆಯೊಳಗೆ ಯಾರೋ ಒಬ್ಬ ಹಲ್ಲು ಕಿಸಿದನಲ್ಲ ಎಂದು ಆ ದಿನವೆಲ್ಲ ಅವನಿಗೆ ಬಾಯಲ್ಲಿ ಕಹಿ ಕಹಿ.

ಹಲ್ಲು ಕಿಸಿದದ್ದು ಅದೇ ಮೊದಲಲ್ಲ. ಡೊಂಬಿವಲಿಯ ಕನ್ನಡ ಸಂಘದ ಅಧ್ಯಕ್ಷರಾಗಿದ್ದ ಪೂವಪ್ಪಣ್ಣನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಅವರು ಮುಖವನ್ನು ಬಲಕ್ಕೆ ತಿರುಗಿಸಿ, ಎಡಗಿವಿಯನ್ನು ಎದುರಿನವರಿಗೆ ಕೊಟ್ಟು ಮಾತಾಡುತ್ತಿದ್ದರು. ಮೈಕಿನ ಮುಂದೆಯೂ ಹಾಗೆಯೇ, ಸಭೆಗೆ ಬರೀ ಎಡಗೆನ್ನೆ. ಪ್ರತಿ ವಾರ್ಷಿಕೋತ್ಸವದಲ್ಲೂ ದಯಾನಂದ ಪೂವಪ್ಪಣ್ಣನ ವಂದನಾರ್ಪಣೆಯನ್ನು ಪೂವಪ್ಪಣ್ಣನಿಗಿಂತ ಚೆನ್ನಾಗಿ ಮಾಡುತ್ತಿದ್ದ, ಮುಂದಿನ ಸಾಲಿನಲ್ಲಿ ಕೂತ ಪೂವಪ್ಪಣ್ಣ ಕಣ್ಣೀರು ಬರುವ ಹಾಗೆ ನಗುತ್ತಿದ್ದರು. ಪೂಜಿತಾ ಇನ್ನೂ ಶಾಲೆಗೆ ಸೇರದ ಕಾಲ, ಒಂದು ಸಂಜೆ ನೆಲದ ಮೇಲೆ ಕೂತು ಮುಖ ತಿರುಗಿಸಿಕೊಂಡು ಟಿವಿ ನೋಡುತ್ತಿದ್ದಾಗ ದಯಾನಂದನ ತಾಯಿ, "ಅಯ್ಯೋ, ನೋಡು ಇವಳ ಅವತಾರ, ಥೇಟು ಪೂವಪ್ಪ" ಎಂದರು. ಮನೆಯೆಲ್ಲ ನಕ್ಕಿತು. ಎಲ್ಲರೂ ನಗುವುದನ್ನು ಕಂಡು ಮಗುವೂ ನಕ್ಕಿತು. ನಕಲಿನ ಕಲೆ ರಕ್ತದಲ್ಲಿ ಬಂದದ್ದು, ಹೇಳಿಕೊಡದೆ ಬಂದದ್ದು ಎಂದು ದಯಾನಂದನ ಎದೆ ಉಬ್ಬಿತು. ಅಲ್ಲಿಂದ ಮುಂದೆ ಮನೆಗೆ ಬಂದವರೆದುರು, "ಪೂಜೀ, ಪೂವಪ್ಪಜ್ಜ ಹೇಗೆ ನೋಡ್ತಾರೆ, ಮಾಮನಿಗೆ ತೋರಿಸು." ಅವಳು ಬಂದವರನ್ನು ನೋಡುತ್ತಿದ್ದಳು, ಅಷ್ಟೆ. ಐಟಂ ಮುಗಿಯುತ್ತಿತ್ತು. ಕೈಗೊಂದು ಚಾಕಲೇಟು ಬರುತ್ತಿತ್ತು. ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದ ಗೆಳೆಯ ಯಜ್ಞೇಶ್ವರ ಒಬ್ಬನೇ ಒಮ್ಮೆ, "ಪೂವಪ್ಪಣ್ಣ ತಿರುಗುವುದು ಬಲಕ್ಕಲ್ವಾ ಮಾರಾಯಾ, ಇವಳು ಎಡಕ್ಕೆ ತಿರುಗ್ತಾಳಲ್ಲ" ಎಂದಿದ್ದ. ದಯಾನಂದನ ಹತ್ತಿರ ಉತ್ತರವಿತ್ತು: "ಮಕ್ಕಳು ಕನ್ನಡಿಯ ಹಾಗೆ. ಎದುರು ನಿಂತು ಕಲಿಯುವುದಲ್ವಾ, ಎಡಬಲ ಅದಲುಬದಲು." ಎಷ್ಟು ಬುದ್ಧಿವಂತಿಕೆಯ ಉತ್ತರ ಎಂದು ಯಜ್ಞೇಶ್ವರನೂ ಒಪ್ಪಿದ. ಆ ವರ್ಷ ಅಪ್ಪ ಮಗಳು ಒಟ್ಟಿಗೆ ವೇದಿಕೆ ಹತ್ತಿದರು. ಚಪ್ಪಾಳೆ ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಅವನ ತಾಯಿ ಉಪ್ಪು ಮೆಣಸು ನಿವಾಳಿಸಿ ಮಗುವಿಗೆ ದೃಷ್ಟಿ ತೆಗೆದರು. ಊರವರ ಕಣ್ಣೆಲ್ಲ ಮಗುವಿನ ಮೇಲೆ ಬಿದ್ದಿತ್ತು. ಮಗುವಿನ ಕಣ್ಣಿನ ಮೇಲೆ ಮಾತ್ರ ಯಾರ ಕಣ್ಣೂ ಬೀಳಲಿಲ್ಲ. ಆ ದಿನದ ಫೋಟೋ ಈಗಲೂ ಹಾಲಿನ ಗೋಡೆಯ ಮೇಲಿದೆ. ಅವನು ಬಲಕ್ಕೆ, ಅವನ ಬಲಬದಿಯಲ್ಲಿ ನಿಂತ ಅವಳು ಎಡಕ್ಕೆ. ಮುಖಕ್ಕೆ ಮುಖ ಕೊಟ್ಟು ನಿಂತ ಅಪ್ಪ ಮಗಳ ಪ್ರೀತಿ ಎಂದು ನೋಡಿದವರೆಲ್ಲ ಹೇಳುತ್ತಾರೆ. ಇಬ್ಬರ ಕಣ್ಣೂ ಇರುವುದು ಸಭಿಕರ ಕಡೆಗೆ.

ಪೂಜಿತಾ ದೊಡ್ಡವಳಾದ ಹಾಗೆ ಅದಕ್ಕೆ ಬೇರೆ ಬೇರೆ ಹೆಸರು ಬಂತು. ಜಂಬ, ಸ್ಟೈಲು, ಮುಖ ತಿರುಗಿಸುವ ಬುದ್ಧಿ. ಕೊನೆಗೆ ಕಾಮೋಠೆಯ ಫಿಸಿಯೋಥೆರಪಿ ಕಾಲೇಜಿನ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಗೆಳತಿಯೊಬ್ಬಳು ಅವಳ ಕುತ್ತಿಗೆಯ ಸ್ನಾಯುಗಳನ್ನು ಒತ್ತಿ ಒತ್ತಿ ಪರೀಕ್ಷಿಸುತ್ತ, ಒಂದು ಬದಿ ಕಲ್ಲಿನ ಹಾಗಿದೆ ಎಂದಳಂತೆ. ಮೇಷ್ಟ್ರು ಬಂದು ಕುತ್ತಿಗೆಯನ್ನು ಬಿಟ್ಟು ಕಣ್ಣಿನ ಮುಂದೆ ಪೆನ್ನು ಆಡಿಸಿದರಂತೆ. ಆ ಸಂಜೆ ಫೋನಿನಲ್ಲಿ ಅವಳು, "ಪಪ್ಪಾ, ಕುತ್ತಿಗೆ ಅಲ್ಲ, ಕಣ್ಣು" ಎಂದಾಗ ದಯಾನಂದ ಆಫೀಸಿನಲ್ಲಿ ಯಾರದ್ದೋ ದನಿಯಲ್ಲಿ ಯಾರನ್ನೋ ನಗಿಸುತ್ತಿದ್ದ. ಅದೇ ದನಿಯಲ್ಲಿ "ಹಲೋ" ಎಂದುಬಿಟ್ಟಿದ್ದ.

ಟೋಕನ್ ಹುಡುಗಿ ಪೂಜಿತಾಳ ಹೆಸರನ್ನು ಮೂಗಿಗೇರಿಸಿದಳು.

ಡಾಕ್ಟರ್ ಸಬ್ನಿಸ್ ಅವರ ಕೋಣೆಯಲ್ಲಿ ಅರೆಗತ್ತಲು. ಕೂದಲು ಗಿಡ್ಡ ಮಾಡಿಕೊಂಡ, ಸಣ್ಣ ಮೈಕಟ್ಟಿನ ಹೆಂಗಸು. ಮರಾಠಿ ಹಿಂದಿ ಇಂಗ್ಲಿಷು ಮೂರನ್ನೂ ಒಂದೇ ಹದದಲ್ಲಿ ಮಾತಾಡುತ್ತಿದ್ದರು. ಯಾರ ದನಿಗಾದರೂ ಹಿಡಿಕೆಯೊಂದು ಇರುತ್ತದೆ, ಅದನ್ನು ಹಿಡಿದರೆ ಆ ಮನುಷ್ಯನನ್ನೇ ಎತ್ತಿಕೊಂಡು ಮನೆಗೆ ಹೋಗಬಹುದು ಎಂಬುದು ದಯಾನಂದನ ಅನುಭವ. ಇವರ ದನಿಗೆ ಹಿಡಿಕೆಯಿರಲಿಲ್ಲ. ಹನಿ ಹಾಕುವ ಮೊದಲೇ ಅಳತೆಗಳೆಲ್ಲ ಮುಗಿದಿದ್ದರೂ ಅವರು ಮತ್ತೊಮ್ಮೆ ಪುಟ್ಟ ಟಾರ್ಚೊಂದನ್ನು ಪೂಜಿತಾಳ ಮುಂದೆ ಆಡಿಸಿ, ಬಂದು ನೋಡುವಂತೆ ದಯಾನಂದನನ್ನು ಕರೆದರು. ಎಡಕ್ಕೆ ನೋಡು ಎಂದಾಗ ಬಲಗಣ್ಣು ಮೂಗಿನತ್ತ ಓಡಿ ಬಂತು. ಎಡಗಣ್ಣು ನಡುದಾರಿಯಲ್ಲೇ ನಿಂತುಬಿಟ್ಟಿತು, ಫಾಸ್ಟ್ ಗಾಡಿಗೆ ದಾರಿ ಬಿಡಲೆಂದು ದಿವಾ ಸ್ಟೇಷನ್ನಿನಲ್ಲಿ ನಿಲ್ಲಿಸಿದ ಸ್ಲೋ ಲೋಕಲ್ಲಿನ ಹಾಗೆ. ಬಲಕ್ಕೆ ನೋಡು ಎಂದಾಗ ಎಡಗಣ್ಣು ಹೋಯಿತು, ಆದರೆ ಹೋಗುತ್ತ ಒಳಗೆ ಕುಗ್ಗಿತು, ರೆಪ್ಪೆ ಕಿರಿದಾಯಿತು. ನಾಚಿಕೊಂಡ ಹಾಗೆ ಎಂದು ಹೋಲಿಕೆ ಕೊಡಲು ಹೊರಟ ಮನಸ್ಸನ್ನು ಅವನು ಗದರಿಸಿ ಕೂರಿಸಿದ.

"ಒಂದು ಮಾತು ಹೇಳಿ," ಡಾಕ್ಟರು ಹಿಂದಿಯಲ್ಲಿ ಅವನನ್ನು ಕೇಳಿದರು. "ಇಲ್ಲಿ ಬಂದರೆ ಎಲ್ಲರೂ ಎಚ್ಚರದಿಂದ ಕೂರುತ್ತಾರೆ. ಮನೆಯಲ್ಲಿ, ಟಿವಿ ನೋಡುವಾಗ, ಮೈಮರೆತಿರುವಾಗ ಇವಳ ಮುಖ ಹೇಗಿರುತ್ತದೆ?"

ಈ ಪ್ರಶ್ನೆಗಾಗಿಯೇ ತಾನು ಡೊಂಬಿವಲಿಯಿಂದ ಬಂದೆ ಎನ್ನಿಸಿತು ದಯಾನಂದನಿಗೆ. ಹೆಂಡತಿಯ ಎಚ್ಚರಿಕೆ ನೆನಪಾಯಿತು. ಆದರೆ ಇದು ಕಲೆಯಲ್ಲ, ಮಾಹಿತಿ. ಅವನು ಎದ್ದ. ಭುಜ ಸಡಿಲ ಬಿಟ್ಟ. ಕೆಳತುಟಿಯನ್ನು ಅವಳ ಹಾಗೆಯೇ ಕೂದಲೆಳೆಯಷ್ಟು ತೆರೆದು, ಗಲ್ಲವನ್ನು ಬಲಕ್ಕೆ ಒಯ್ದು, ಕಣ್ಣನ್ನು ಎಡಮೂಲೆಗೆ ಜಾರಿಸಿ ನಿಂತ. ಸಾಕ್ಷಾತ್ ಪೂಜಿತಾ. ಚಪ್ಪಾಳೆಯ ಹೊತ್ತು ದಾಟಿಹೋಯಿತು.

ಡಾಕ್ಟರು ತಮ್ಮ ಕಾಗದ ನೋಡಿದರು, ಅವನನ್ನು ನೋಡಿದರು. "ಬಲಕ್ಕಾ? ಪಕ್ಕಾ?"

"ನೂರಕ್ಕೆ ನೂರು, ಮೇಡಂ. ಚಿಕ್ಕಂದಿನಿಂದ ನೋಡ್ತಿದ್ದೇನೆ."

"ಬಲಕ್ಕಾದರೆ ನಮ್ಮ ಅಳತೆಯಲ್ಲಿ ಏನೋ ತಪ್ಪಿದೆ. ಮೊದಲಿನಿಂದ ನೋಡಬೇಕಾಗುತ್ತದೆ."

"ಮ್ಯಾಮ್," ಪೂಜಿತಾ ಮೆಲ್ಲಗೆ ಅಂದಳು, "ಪಪ್ಪಾ ಉಲ್ಟಾ ಕರ್ ರಹೇ ಹೈಂ. ಎದುರಿನಿಂದ ನೋಡಿ ನೋಡಿ ಅವರಿಗೆ ಹಾಗೇ ಅಭ್ಯಾಸ."

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಹಾಗಾದರೆ ಇವಳ ಕುರ್ಚಿಯಲ್ಲಿ ಕೂತು ತೋರಿಸಿ" ಎಂದರು, ಅಷ್ಟೇ ಸಹಜವಾಗಿ. ಪೂಜಿತಾ ಎದ್ದು ಜಾಗ ಬಿಟ್ಟಳು. ಕುರ್ಚಿ ಅವಳ ಮೈಯಿಂದ ಇನ್ನೂ ಬೆಚ್ಚಗಿತ್ತು. ಎದುರಿನ ಗೋಡೆಯಲ್ಲಿ ಅಕ್ಷರಗಳ ಬೆಳಕಿನ ಫಲಕ. ಅದರ ಪಕ್ಕದಲ್ಲಿ ನಿಂತ ಮಗಳು, ಔಷಧಿಯಿಂದ ಅರಳಿ ಕಪ್ಪಾದ ಕಣ್ಣಿನಿಂದ ತನ್ನನ್ನು ಕಾಯುತ್ತಿರುವವಳು. ಅವನ ಕತ್ತು ಮೊದಲು ಬಲಕ್ಕೇ ಹೋಯಿತು. ತಡೆದು ಎಡಕ್ಕೆ ತಂದ. ತಂದರೆ, ಆ ಮುಖ ಯಾರದ್ದೂ ಅಲ್ಲ. ತುಟಿ ತೆರೆದು ನೋಡಿದ, ಭುಜ ಇಳಿಸಿ ನೋಡಿದ, ಏನು ಮಾಡಿದರೂ ಬಂದದ್ದು ಎಡಕ್ಕೆ ತಿರುಗಿದ ಪೂವಪ್ಪಣ್ಣ. ಇಷ್ಟು ವರ್ಷ ಮಗಳೆಂದು ತಾನು ಮಾಡಿ ತೋರಿಸಿದ್ದು, ನೆಂಟರ ಮನೆಗಳಲ್ಲಿ, ಅವಳೆದುರಿನಲ್ಲೇ ಅವಳನ್ನು ರೇಗಿಸಲು ಮಾಡಿದ್ದು, ಪೂವಪ್ಪಣ್ಣನ ಕುತ್ತಿಗೆಯ ಮೇಲೆ ಕೂರಿಸಿದ ಅವಳ ತುಟಿ ಮಾತ್ರ. "ಸಾಕು, ಸಾಕು, ತಿಳಿಯಿತು" ಎಂದು ಡಾಕ್ಟರು ಕಾಗದದಲ್ಲಿ ಏನೋ ಗುರುತು ಹಾಕಿಕೊಂಡರು. ಅವನು ಕುರ್ಚಿಯಿಂದ ಇಳಿದು ಸ್ಟೂಲಿನ ಮೇಲೆ ಕೂತ. ಮೊಣಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆಮೇಲೆ ಡಾಕ್ಟರು ಮೇಜಿನ ಮೇಲಿದ್ದ ಮೋಸಂಬಿ ಗಾತ್ರದ ಪ್ಲಾಸ್ಟಿಕ್ ಕಣ್ಣನ್ನು ಕೈಗೆತ್ತಿಕೊಂಡರು. ಅದರ ಸುತ್ತ ಕೆಂಪು ಪಟ್ಟಿಗಳು, ಅವೇ ಸ್ನಾಯುಗಳು. ಹೊರಬದಿಯ ಸ್ನಾಯುವಿಗೆ ಬರಬೇಕಾದ ನರ ಇವಳಲ್ಲಿ ಹುಟ್ಟುವ ಮೊದಲೇ ಬೆಳೆಯಲಿಲ್ಲ. ಮೂಗಿನ ಬದಿಯ ಸ್ನಾಯುವಿನ ನರದಿಂದ ಒಂದು ಎಳೆ ದಾರಿ ತಪ್ಪಿ ಅಲ್ಲಿಗೆ ಹೋಗಿದೆ. ಅದಕ್ಕೇ ಬಲಕ್ಕೆ ನೋಡುವಾಗ ಎರಡೂ ಒಟ್ಟಿಗೆ ಎಳೆದು ಕಣ್ಣು ಕುಗ್ಗುವುದು. ನಗರಪಾಲಿಕೆಯ ನಲ್ಲಿ ಬಾರದ ಫ್ಲ್ಯಾಟಿಗೆ ಪಕ್ಕದವರ ಪೈಪಿನಿಂದ ನೀರು ಎಳೆದ ಹಾಗೆ ಎಂದು ದಯಾನಂದ ಮನಸ್ಸಿನಲ್ಲೇ ಅರ್ಥ ಮಾಡಿಕೊಂಡ; ಹೊರಗೆ ಹೇಳಲಿಲ್ಲ. ಡಾಕ್ಟರ ಮಾತು ಅವನ ಕಡೆಯಿಂದ ಪೂಜಿತಾಳ ಕಡೆಗೆ ತಿರುಗಿ ಅಲ್ಲಿಯೇ ಉಳಿಯಿತು. ಏನೂ ಮಾಡದೆ ಇರಬಹುದು, ಈ ಕಾಯಿಲೆಯ ಎಷ್ಟೋ ಜನ ಹಾಗೇ ಆರಾಮವಾಗಿದ್ದಾರೆ, ಕಣ್ಣು ಇದರಿಂದ ಕೆಡುವುದಿಲ್ಲ. ಇಲ್ಲವಾದರೆ ಮೂಗಿನ ಬದಿಯ ಈ ಬಿಗಿಯಾದ ಸ್ನಾಯುವನ್ನು ಬಿಚ್ಚಿ ಸ್ವಲ್ಪ ಹಿಂದಕ್ಕೆ ಹೊಲಿಯಬಹುದು. ಕಣ್ಣು ನಡುವಿಗೆ ಬರುತ್ತದೆ, ಮುಖ ತಿರುಗಿಸುವ ಅಗತ್ಯ ಬಹುಪಾಲು ತಪ್ಪುತ್ತದೆ, ಆದರೆ ಕಣ್ಣು ಎಡಕ್ಕೆ ಆಗಲೂ ಹೋಗುವುದಿಲ್ಲ. ಅದರ ಜೊತೆಗೆ ಮೇಲಿನ ಸ್ನಾಯುವನ್ನೂ ಬಿಚ್ಚಿ ತಂದು ಹೊರಬದಿಗೆ ಹೊಲಿಯುವ ದಾರಿಯೊಂದಿದೆ. ಎಡಕ್ಕೆ ಒಂದಿಷ್ಟು ಚಲನೆ ಸಿಗಬಹುದು, ಹಾಗೆಯೇ ಎರಡು ಕಣ್ಣು ಮೇಲೆ ಕೆಳಗಾಗಿ ಒಂದು ಎರಡಾಗಿ ಕಾಣಲೂಬಹುದು, ಅದನ್ನು ಸರಿ ಮಾಡಲು ಮತ್ತೊಮ್ಮೆ ಆಪರೇಷನ್ ಟೇಬಲ್ ಹತ್ತಬೇಕಾಗಬಹುದು.

"ಇದರಲ್ಲಿ ಪೂರ್ತಿ ಸರಿಯಾಗುವುದು ಯಾವುದರಿಂದ ಮೇಡಂ?" ದಯಾನಂದ ಕೇಳಿದ.

"ಯಾವುದರಿಂದಲೂ ಅಲ್ಲ. ಇಲ್ಲದ ನರವನ್ನು ನಾನು ತಂದು ಹಾಕಲಾರೆ." ಅವರು ಪ್ಲಾಸ್ಟಿಕ್ ಕಣ್ಣನ್ನು ಕೆಳಗಿಟ್ಟು ಪೂಜಿತಾಳನ್ನು ನೋಡಿದರು. "ನಿನಗೆ ಏನು ತೊಂದರೆ? ನಿನಗೆ. ಮನೆಯವರಿಗಲ್ಲ, ಫೋಟೋಗಲ್ಲ."

"ಕುತ್ತಿಗೆ ನೋವು, ಮ್ಯಾಮ್. ಪೇಶೆಂಟಿಗೆ ಎಕ್ಸರ್‌ಸೈಜ್ ಮಾಡಿಸುವಾಗ ನನ್ನದೇ ಹಿಡಿದುಕೊಳ್ಳುತ್ತೆ."

ಕುತ್ತಿಗೆ ನೋವಿನ ವಿಷಯ ಮನೆಯಲ್ಲಿ ಬಂದೇ ಇರಲಿಲ್ಲ. ಅಥವಾ ಬಂದಿತ್ತೋ, ಯಾವುದೋ ದನಿಯ ನಡುವೆ.

ಹೊರಗೆ ಬಿಸಿಲಿಗೆ ಪೂಜಿತಾ ಕಪ್ಪು ಕನ್ನಡಕ ಹಾಕಿಕೊಂಡು, ಹತ್ತಿರದ್ದು ಕಾಣದ ಕಾರಣ ಅವನ ತೋಳು ಹಿಡಿದು ನಡೆದಳು. ವಾಶಿ ಸ್ಟೇಷನ್ನಿನ ಕಟ್ಟಡದ ಅಡಿಯಲ್ಲಿ ಪ್ಲಾಟ್‌ಫಾರ್ಮು ತಂಪಾಗಿ, ನೆಲಮಾಳಿಗೆಯ ಹಾಗೆ ಮಬ್ಬಾಗಿತ್ತು. ಠಾಣೆಯ ಗಾಡಿ ಈಗಷ್ಟೇ ಹೋಗಿತ್ತು. ಬೆಂಚಿನ ಮೇಲೆ ಅವಳನ್ನು ಕೂರಿಸಿ ಅವನೂ ಕೂತ. ಮೂರನೆಯದನ್ನೇ ಮಾಡಿಸಬೇಕು ಎಂದು ಅವನು ಕೋಣೆಯಲ್ಲೇ ನಿರ್ಧರಿಸಿಯಾಗಿತ್ತು. ಎಡಕ್ಕೆ ಹೋಗುವ ಕಣ್ಣು. ಹೋಗುವ ಕಣ್ಣಿದ್ದರೆ ತಿರುಗದ ಮುಖ, ತಿರುಗದ ಮುಖವಿದ್ದರೆ ಆ ಸಂಜೆ ಇಲ್ಲ, ಆ ಚಪ್ಪಾಳೆ ಇಲ್ಲ, ಗೋಡೆಯ ಫೋಟೋವನ್ನು ಇಳಿಸಿಬಿಡಬಹುದು. ಹೀಗೆ ಯೋಚಿಸುತ್ತಿರುವು​ದು ತನ್ನ ಬಗ್ಗೆಯೇ ಎಂದು ತಿಳಿದರೂ ಬಾಯಿ ಮುಂದೆ ಹೋಯಿತು.

"ಮಾಡಿಸುವುದಾದರೆ ದೊಡ್ಡದನ್ನೇ ಮಾಡಿಸುವ ಪೂಜಿ. ಅರ್ಧಂಬರ್ಧ ಎಂತಕ್ಕೆ?"

"ಪೂರ್ತಿ ಅಂತ ಇಲ್ಲ ಅಂದ್ರಲ್ಲ ಅವರು."

"ಅವರು ಹಾಗೇ ಹೇಳುವುದು," ಎಂದು ಅವನು ಡಾಕ್ಟರ ದನಿಯಲ್ಲಿ ಒಂದು ಮಾತು ಆಡಿ ತೋರಿಸಹೋದ. ಬಂದದ್ದು ಅವರ ದನಿಯಾಗಿರಲಿಲ್ಲ.

"ಸೆಕೆಂಡ್ ಸ್ಟ್ಯಾಂಡರ್ಡಲ್ಲಿ," ಪೂಜಿತಾ ಅಂದಳು, "ಮರಾಠಿ ಟೀಚರ್ ಕೇಳಿದ್ರು, ನನ್ನನ್ನ ಯಾಕೆ ಓರೆಯಾಗಿ ನೋಡ್ತೀಯಾ ಅಂತ. ನಾನು ನಕಲ್ ಮಾಡ್ತಾ ಇದೀನಿ ಅಂದೆ. ನೀವೆಲ್ಲ ಹಾಗೇ ಹೇಳ್ತಿದ್ರಲ್ಲ. ಹೊರಗೆ ನಿಲ್ಲಿಸಿದ್ರು."

"ನೀನು ಮನೆಯಲ್ಲಿ ಹೇಳಲೇ ಇಲ್ಲ."

"ಎಂತ ಹೇಳೋದು? ನಂಗೆ ಅದು ನಿಜವಾಗ್ಲೂ ಬರುತ್ತೆ ಅಂದ್ಕೊಂಡಿದ್ದೆ. ಮಿಮಿಕ್ರಿ. ಬಹಳ ದಿನ ಅಂದ್ಕೊಂಡಿದ್ದೆ." ಅವಳ ದನಿಯಲ್ಲಿ ದೂರಿರಲಿಲ್ಲ, ಯಾವುದೋ ಸ್ಟೇಷನ್ನಿನ ಹೆಸರು ಹೇಳಿದ ಹಾಗಿತ್ತು. "ನಾನು ಎರಡನೇದು ಮಾಡಿಸ್ತೀನಿ. ಎಕ್ಸಾಮ್ ಆದ್ಮೇಲೆ. ಮೇಲಿನ ಮಸಲ್ ಚೆನ್ನಾಗಿದೆ, ಅದನ್ನ ಸುಮ್‌ಸುಮ್ನೆ ಯಾಕೆ ಮುಟ್ಟೋದು?"

"ಮತ್ತೆ ಎಡಕ್ಕೆ?"

"ಎಡಕ್ಕೆ ನೋಡ್ಬೇಕಾದ್ರೆ ತಲೆ ತಿರುಗಿಸ್ತೀನಿ. ಎಲ್ರೂ ತಿರುಗಿಸ್ತಾರೆ."

ಅವನ ಹತ್ತಿರ ವಾದಗಳಿದ್ದವು. ಜಯಲತಾಳ ದನಿಯಲ್ಲಿ ಒಂದು. ತೀರಿಹೋದ ಅಮ್ಮನ ದನಿಯಲ್ಲಿ ಇನ್ನೊಂದು, ಅದನ್ನು ಹೇಳಿದರೆ ಪೂಜಿತಾ ಕರಗುತ್ತಾಳೆಂದು ಗೊತ್ತು. ಊಟ ಮಾಡಿಸಲು, ಲೆಕ್ಕ ಕಲಿಸಲು, ಇಂಜೆಕ್ಷನ್ನಿಗೆ ಒಪ್ಪಿಸಲು ಅವನು ಯಾವಾಗಲೂ ಇನ್ಯಾರನ್ನೋ ಕರೆತಂದವನೇ. ಈಗಲೂ ಅಮ್ಮನ ದನಿ ಗಂಟಲಿನವರೆಗೆ ಬಂದು ನಿಂತಿತ್ತು. ಅದನ್ನು ನುಂಗಿದಾಗ ಅಲ್ಲಿ ಬೇರೇನೂ ಇರಲಿಲ್ಲ. ಕೇಳಬೇಕಾದ್ದೊಂದು ಮಾತ್ರ ಇತ್ತು, ಇಷ್ಟು ವರ್ಷ ಯಾರೂ ಕೇಳದೆ ಬಿಟ್ಟದ್ದು.

"ಮುಖ ನೇರ ಇಟ್ಟುಕೊಂಡರೆ ನಿನಗೆ ಎಂತ ಕಾಣುವುದು?"

ಪೂಜಿತಾ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟು, "ಎದುರಿಗೆ ನಿಂತ್ಕೊಳ್ಳಿ" ಎಂದಳು. ಅವನು ಎದ್ದು ಅವಳೆದುರು ನಿಂತ. ಅವಳು ಮುಖವನ್ನು ನಡುವಿಗೆ ತಂದಳು. ಅದಕ್ಕೆ ಎಷ್ಟು ಶ್ರಮ ಬೇಕೆಂಬುದು ಅವಳ ಕುತ್ತಿಗೆಯ ನರದಲ್ಲಿ ಕಂಡಿತು. ಎಡಗಣ್ಣು ಮೂಗಿನ ಕಡೆ ಸರಿದು ನಿಂತಿತು. ಎಚ್ಚರವಿರುವ ಮಗಳ ಮುಖವನ್ನು ಅವನು ಇಡಿಯಾಗಿ, ನೇರವಾಗಿ ನೋಡುತ್ತಿದ್ದ. ಎರಡು ಕೆನ್ನೆಯೂ ಒಟ್ಟಿಗೆ. ಪರಿಚಯದ ಮುಖ ಅನ್ನಿಸಲಿಲ್ಲ.

"ಇಬ್ರು ಇದ್ದೀರಿ," ಅವಳು ಅಂದಳು. "ಒಬ್ರು ಇಲ್ಲಿ. ಇನ್ನೊಬ್ರು ಸ್ವಲ್ಪ ಎಡಕ್ಕೆ, ಮಸುಕು ಮಸುಕು."

"ಒಳ್ಳೆಯವ ಯಾರು ಇಬ್ಬರಲ್ಲಿ?"

"ಇಬ್ರೂ ಒಟ್ಟಿಗೇ ಮಾತಾಡ್ತಾರೆ, ಅದೇ ಪ್ರಾಬ್ಲಮ್." ಅವಳು ಮುಖ ಕದಲಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಅಳುವಿನದ್ದಲ್ಲ, ಆಯಾಸದ್ದು. "ಇಬ್ರಿಗೂ ಹೇಳ್ತಿದ್ದೀನಿ. ಎರಡನೇದು. ಮೂರನೇದು ಬೇಡ."

"ಆಯ್ತು," ಎಂದ ದಯಾನಂದ. ಒರಟಾದ, ತೆಳ್ಳಗಿನ ದನಿ ಅದು. ಯಾರದ್ದೆಂದು ಒಂದು ಕ್ಷಣ ಅವನೇ ಹುಡುಕಿದ.

"ಯಾವ ಪಪ್ಪಾ ಹೇಳಿದ್ದು?"

ಠಾಣೆಯ ಗಾಡಿ ದೂರದಲ್ಲಿ ಹಳಿಯನ್ನು ನಡುಗಿಸುತ್ತ ಬರುತ್ತಿತ್ತು, ಬೆಂಚಿನ ಮೇಲಿದ್ದವರೆಲ್ಲ ಎದ್ದು ಅಂಚಿನ ಕಡೆ ಸರಿಯತೊಡಗಿದ್ದರು, ಯಾರದ್ದೋ ಚೀಲ ಅವನ ಬೆನ್ನಿಗೆ ತಾಗಿ ಹೋಯಿತು. ಪೂಜಿತಾಳ ಮುಖ ನಿಧಾನವಾಗಿ ಎಡಕ್ಕೆ ತಿರುಗತೊಡಗಿತು. ಅವಳ ಕಣ್ಣಿನಲ್ಲಿ ಇಬ್ಬರೂ ಒಬ್ಬನಾಗುವವರೆಗೆ ಅವನು ಅಲ್ಲಾಡದೆ ನಿಂತ.